ವಾರಕ್ಕೊಂದಕ್ಷರದ ಮಾಸ್ಟ್ರು

ಕಳೆದ ತಿಂಗಳು ಮೂಡಬಿದಿರೆಯಲ್ಲಿ ಒಂದು ಮದುವೆ. ಎರಡನೇ ಪಂಕ್ತಿಗೆ ಕಾಯುತ್ತಾ ಹಾಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾವು ನಮ್ಮೂರಿನ ನಾಲ್ಕೈದು ಮಂದಿ ಮುದುಕರು ಕುಳಿತಿದ್ದೆವು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಬೋಳುತಲೆ ಮಾತ್ರ ಎಲ್ಲರಿಗೂ. ಎಲ್ಲರೂ ಗಲ್ಫಿನಲ್ಲಿ ಬೆವರು ಸುರಿಸಿ ಬಂದವರೇ. ಮಾತು ಹಳೆಯ ದಿನಗಳಿಗೆ ಹೋದಾಗ ಪಕ್ಕದವರು ಕೇಳಿದರು, "ನೀವು ಯಾವ ಅಕ್ಷರದಲ್ಲಿ ಹೋದದ್ದು?"

ತಾವು ಎಫ್ ಎಂದು ಅವರೇ ಹೇಳಿಕೊಂಡರು. ಎದುರಿನವರು "ನಾನು ಸಿ" ಎಂದು ಜಂಬದಿಂದ ಹೊಟ್ಟೆ ಸವರಿಕೊಂಡರು. ನಾನು "ಝಡ್" ಎಂದೆ. ಎಲ್ಲರೂ ಹೋ ಎಂದು ನಕ್ಕರು. ಝಡ್ ತನಕ ಹೋದವರು ಯಾರೂ ಇಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಬಿಡಿಸಿ ಹೇಳಬೇಕು ಎನ್ನುವಷ್ಟರಲ್ಲಿ ಊಟಕ್ಕೆ ಕರೆದರು. ಊಟದ ಎದುರು ಸತ್ಯವನ್ನು ಯಾರು ಕೇಳುತ್ತಾರೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಅಕ್ಷರಗಳೆಲ್ಲ ನಮ್ಮ ಮಾಸ್ಟ್ರದ್ದು. ಅವರು ಶಾಲೆಯ ಮಾಸ್ಟ್ರಲ್ಲ, ಪೋಸ್ಟ್ ಮಾಸ್ಟ್ರು. ಮಡಂತ್ಯಾರಿನಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ ಅಂಚೆ ಕಚೇರಿ ಎಂದರೆ ಅವರ ಮನೆಯ ಜಗಲಿ. ಒಂದು ಮೇಜು, ಒಂದು ತಕ್ಕಡಿ, ಮೊಹರು ಒತ್ತುವ ಒಂದು ಮರದ ತುಂಡು. ಬೆಳಿಗ್ಗೆ ಹತ್ತು ಗಂಟೆಯ ಬಸ್ಸಿನಲ್ಲಿ ಟಪ್ಪಾಲು ಚೀಲ ಬರುತ್ತಿತ್ತು. ಬಸ್ಸು ತಡವಾದರೆ ಮಾಸ್ಟ್ರು ರಸ್ತೆಗೆ ಹೋಗಿ ನಿಂತು ಡ್ರೈವರನನ್ನು ವಿಚಾರಿಸಿಕೊಳ್ಳುತ್ತಿದ್ದರು. ಮದುವೆಯ ಕಾಗದವೋ ಸಾವಿನ ಕಾಗದವೋ, ಬಂದ ದಿನವೇ ಮನೆ ಸೇರಬೇಕು. ಅದರಲ್ಲಿ ರಾಜಿ ಇರಲಿಲ್ಲ.

ಬಂಟ್ವಾಳದ ಪೇಟೆಗೆ ನೆರೆ ನುಗ್ಗಿದ ಒಂದು ಮಳೆಗಾಲ, ಯಾವುದೋ ಅಂಗಡಿಯಲ್ಲಿ ನೀರು ಕುಡಿದು ಸೊಟ್ಟಗಾದ ಮರದ ಕಪಾಟೊಂದನ್ನು ಅವರು ಅಗ್ಗಕ್ಕೆ ಹೊತ್ತು ತಂದರು. ಚೌಕ ಚೌಕವಾದ ಇಪ್ಪತ್ತೆಂಟು ಗೂಡುಗಳಿದ್ದ ಕಪಾಟು. ನಮ್ಮೂರಿನ ಕಾಗದ ವಿಂಗಡಿಸಲು ಎರಡು ಗೂಡು ಧಾರಾಳ ಸಾಕು: ಹೊಳೆಯ ಈಚೆಯವರದ್ದು ಒಂದು, ಆಚೆಯವರದ್ದು ಒಂದು. ಉಳಿದ ಇಪ್ಪತ್ತಾರು ಗೂಡುಗಳು ಖಾಲಿ ಬಾಯಿ ತೆರೆದುಕೊಂಡು ನಿಂತದ್ದು ಅವರಿಂದ ನೋಡಲಾಗಲಿಲ್ಲ. ಇಪ್ಪತ್ತಾರು ಎಂದಕೂಡಲೇ ಅವರಿಗೆ ಹೊಳೆದದ್ದು ಇಂಗ್ಲಿಷು.

ಆಗ ನಮ್ಮ ಕಡೆ ಗಲ್ಫಿನ ಗಾಳಿ ಬೀಸತೊಡಗಿದ ಕಾಲ. ಎಪ್ಪತ್ತರ ದಶಕದ ಕೊನೆ. ಭಾವನೋ ಮಾವನೋ ಅಲ್ಲಿಂದ ವೀಸಾ ಕಳುಹಿಸುತ್ತಾರೆ ಎಂದು ಕಾಯುವವರು ಮನೆಗೊಬ್ಬರಿದ್ದರು. ಕಾಯುವವರಿಗೆ ಇಂಗ್ಲಿಷು ಬೇಕು. ಮಾಸ್ಟ್ರು ಓದಿದ್ದು ಎಂಟನೇ ತರಗತಿ. ಆದರೆ ಅವರಲ್ಲಿ ಒಂದು ದಪ್ಪ ಡಿಕ್ಷನರಿ ಇತ್ತು, ಮತ್ತು ಒಂದು ಸಿದ್ಧಾಂತವೂ ಇತ್ತು.

"ನೋಡಿ, ನಾಮಪದಕ್ಕೆ ಬೆರಳು ಸಾಕು, ತೋರಿಸಿದರೆ ಆಯಿತು. ವಿಶೇಷಣಕ್ಕೆ ಮುಖ ಸಾಕು. ಬಾಯಿ ಬೇಕಾಗುವುದು ಕ್ರಿಯಾಪದಕ್ಕೆ ಮಾತ್ರ. ಕ್ರಿಯಾಪದ ಕಲಿತವ ಎಲ್ಲಿ ಹೋದರೂ ಉಣ್ಣುತ್ತಾನೆ."

ಹಾಗೆ ಸಂಜೆಯ ಕ್ಲಾಸು ಶುರುವಾಯಿತು. ಹಳೆಯ ಮನಿಯಾರ್ಡರ್ ಫಾರ್ಮುಗಳ ಬೆನ್ನಿಗೆ ಒಂದೊಂದು ಕ್ರಿಯಾಪದ, ಅರ್ಥ, ಬಳಸುವ ರೀತಿ ಬರೆದು ಆಯಾ ಅಕ್ಷರದ ಗೂಡಿಗೆ ಹಾಕುತ್ತಿದ್ದರು. ಜೂನಿನಲ್ಲಿ ಮಳೆ ಹಿಡಿದಾಗ ಎ. ವಾರಕ್ಕೊಂದು ಅಕ್ಷರ. ದೀಪಾವಳಿ ಕಳೆದು ತಿಂಗಳಾಗುವಾಗ ಝಡ್ ಬರಬೇಕು. ಕಲಿತ ಶಬ್ದವನ್ನು ಆ ವಾರವಿಡೀ ಊರಿನಲ್ಲಿ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಶಬ್ದ ಹಳಸುತ್ತದೆ ಎನ್ನುವುದು ಅವರ ನಂಬಿಕೆ. ಸಿ ವಾರದಲ್ಲಿ ಕ್ಲೈಂಬ್ ಎಂದು ಊರಿನ ಮರಗಳಲ್ಲೆಲ್ಲ ಜನ. ಡಿ ವಾರದಲ್ಲಿ ಯಾರಿಗಾದರೂ ಗುಂಡಿ ತೋಡಿಸುವುದಿದ್ದರೆ ಆಳು ಕರೆಯುವ ಅಗತ್ಯವಿರಲಿಲ್ಲ.

ಅವರ ಅರ್ಥಗಳು ಡಿಕ್ಷನರಿಯವಲ್ಲ, ಊರಿನವು. "ಇಂಗ್ಲಿಷಿನ ಬಾರೋ ಎಂದರೆ ಹಿಂದೆ ಕೊಡುತ್ತೇನೆ ಎಂದು ಕೇಳುವುದು. ಬೆಗ್ ಎಂದರೆ ಕೊಡುವ ಯೋಚನೆ ಇಲ್ಲದೆ ಕೇಳುವುದು. ನಮ್ಮ ಊರಲ್ಲಿ ಕೊಡೆಯ ವಿಷಯಕ್ಕೆ ಬಂದರೆ ಎರಡೂ ಒಂದೇ," ಎನ್ನುತ್ತಿದ್ದರು. ಕೆ ಗೂಡಿನಲ್ಲಿ ಕಿಸ್ ಎಂಬ ಚೀಟಿಯನ್ನು ಮಡಚಿ ಹಿಂದೆ ಇಟ್ಟಿದ್ದರು. ಮದುವೆಯಾದವರನ್ನು ಮಾತ್ರ ಒಬ್ಬೊಬ್ಬರಾಗಿ ಒಳಗೆ ಕರೆದು ಅದನ್ನು ತೋರಿಸಿ ಕಳುಹಿಸುತ್ತಿದ್ದರು. ಮಾಡಿ ತೋರಿಸುವ ನಿಯಮ ಆ ಒಂದು ಶಬ್ದಕ್ಕೆ ಇರಲಿಲ್ಲ.

ಆರ್ ವಾರ ಬಂದರೆ ಮಾಸ್ಟ್ರಿಗೆ ತವರು ಮನೆಗೆ ಬಂದ ಹಾಗೆ. ಅಂಚೆಯವರ ಜೀವನ ಪೂರ್ತಿ ಆ ಅಕ್ಷರದಲ್ಲಿಯೇ ಉಂಟಲ್ಲ! ಹೆಂಡತಿ ತಂದ ಕಾಫಿಯನ್ನು ಮೊದಲು ರಿಸೀವ್ ಮಾಡುತ್ತಿದ್ದರು. ಸಕ್ಕರೆ ಕಡಿಮೆ ಎಂದು ರಿಟರ್ನ್ ಮಾಡುತ್ತಿದ್ದರು. ಆಕೆ "ಬೇಕಾದರೆ ಕುಡಿಯಿರಿ" ಎಂದು ರಿಫ್ಯೂಸ್ ಮಾಡಿದ ಮೇಲೆ ಲೋಟವನ್ನು ನಮ್ಮ ಕಡೆಗೆ ರೀಡೈರೆಕ್ಟ್ ಮಾಡುತ್ತಿದ್ದರು. ಒಂದು ಲೋಟ ಕಾಫಿಯಲ್ಲಿ ನಾಲ್ಕು ಶಬ್ದ ಕಲಿಸುವ ಗುರುವನ್ನು ನಾನು ಮತ್ತೆ ಕಾಣಲಿಲ್ಲ.

ಕ್ಯೂ ವಾರದ ಕತೆ ಈಗಲೂ ನೆನಪಾದರೆ ನಗು ಬರುತ್ತದೆ. ನಮ್ಮ ಜೊತೆ ಕಲಿಯುತ್ತಿದ್ದ ಲೋಕಯ್ಯನಿಗೂ ಇಸುಬುವಿಗೂ ಒಂದು ಹಲಸಿನ ಮರದ ಜಗಳವಿತ್ತು. ಮರ ಒಬ್ಬನದ್ದು, ಗೆಲ್ಲು ವಾಲಿದ್ದು ಇನ್ನೊಬ್ಬನ ಹಿತ್ತಿಲಿಗೆ. ಮಾಸ್ಟ್ರು ಇಬ್ಬರನ್ನೂ ಎದುರು ಬದುರು ನಿಲ್ಲಿಸಿ, "ಕ್ವಾರಲ್ ಮಾಡಿ, ಆದರೆ ಇಂಗ್ಲಿಷಿನಲ್ಲಿ," ಎಂದರು. ಇಬ್ಬರಿಗೂ ಗೊತ್ತಿದ್ದದ್ದು ಎ ಯಿಂದ ಕ್ಯೂ ವರೆಗಿನ ಕ್ರಿಯಾಪದಗಳು ಮಾತ್ರ.

"ಐ ಪ್ಲಾಂಟ್!" ಎಂದ ಲೋಕಯ್ಯ.

"ಯು ಪ್ಲಾಂಟ್, ಐ ಪಿಕ್!" ಎಂದ ಇಸುಬು.

"ಐ ಕಟ್!"

"ಯು ಕಟ್, ಐ ಕಿಕ್!"

"ಯು ಈಟ್, ಐ ನೋ! ಯು ಹೈಡ್, ಐ ನೋ!"

ಇಸುಬು ಶಬ್ದ ಹುಡುಕುತ್ತಾ ಕಪಾಟಿನ ಗೂಡುಗಳ ಮೇಲೆ ಕಣ್ಣಾಡಿಸಿದ. ಆಮೇಲೆ "ಓಕೆ, ಐ ಕುಕ್, ಯು ಕಮ್," ಎಂದುಬಿಟ್ಟ. ಆರು ವರ್ಷದಿಂದ ಪಂಚಾಯತಿಯವರಿಗೆ ಬಗೆಹರಿಯದ ತಂಟೆ ಅಲ್ಲಿಗೆ ಮುಗಿಯಿತು. "ಹಲಸು ಎನ್ನುವ ಶಬ್ದ ಒಮ್ಮೆಯಾದರೂ ಬೇಕಾಯಿತಾ ಮಾರಾಯ್ರೇ?" ಎಂದು ಮಾಸ್ಟ್ರು ಎರಡು ದಿನ ಹೇಳಿಕೊಂಡು ತಿರುಗಿದರು.

ಕ್ಲಾಸಿನ ತೊಂದರೆ ಒಂದೇ. ವೀಸಾ ಅಕ್ಷರಮಾಲೆಯನ್ನು ಕೇಳಿಕೊಂಡು ಬರುವುದಿಲ್ಲ. ಬಿ ಯಲ್ಲಿ ಇಬ್ಬರು ಹೋಗುತ್ತಾರೆ, ಎಫ್‌ನಲ್ಲಿ ಮೂವರು. ಹೋದವನಿಗೆ ಅಲ್ಲಿಂದ ಮುಂದೆ ಇಂಗ್ಲಿಷೇ ಇಲ್ಲ. ಜಿ ಯಲ್ಲಿ ಹೋದ ನಮ್ಮ ನೆರೆಮನೆಯ ಬಾಬು ಬಹರೈನಿನಿಂದ ಕಾಗದ ಬರೆದಿದ್ದ: "ಮಾಸ್ಟ್ರೇ, ನನ್ನದು ಕೈಗಾಡಿ ತಳ್ಳುವ ಕೆಲಸ. ಇಲ್ಲಿ ದಿನಕ್ಕೆ ನೂರು ಸಲ ಸ್ಟಾಪ್ ಸ್ಟಾಪ್ ಎನ್ನುತ್ತಾರೆ. ಅದರ ಅರ್ಥ ಬೇಗ ತಿಳಿಸಿ." ಮಾಸ್ಟ್ರು ಅವತ್ತೇ ಉತ್ತರ ಬರೆದರು. ಆದರೆ ಕಳುಹಿಸಿದ್ದು ಎಚ್ ವಾರದ ಚೀಟಿಗಳನ್ನು. ಕ್ರಮ ತಪ್ಪಿಸಬಾರದಲ್ಲ? ಎಸ್ ತಲುಪುವ ಹೊತ್ತಿಗೆ ಬಾಬುವಿನ ಕೈಗಾಡಿ ಇಂಜಿನಿಯರನ ಜೀಪಿಗೆ ಮುತ್ತಿಟ್ಟು ಆಗಿತ್ತು.

ಇಷ್ಟರಲ್ಲಿ ಊರು ತನ್ನದೇ ಲೆಕ್ಕ ಹಾಕಿಕೊಂಡಿತ್ತು. ಬೇಗ ಹೋದವನು ಅದೃಷ್ಟವಂತ. ಹೆಣ್ಣು ಕೊಡುವವರು "ಹುಡುಗ ಯಾವ ಅಕ್ಷರ?" ಎಂದೇ ಕೇಳುತ್ತಿದ್ದರು. ಎ, ಬಿ, ಸಿ ಎಂದರೆ ಮುಖ ಅರಳುತ್ತಿತ್ತು. ಪಿ ದಾಟಿದವನನ್ನು ಕಂಡರೆ ಕನಿಕರ. ಹೀಗಾಗಿ ಹೆಚ್ಚು ಇಂಗ್ಲಿಷು ಬಂದಷ್ಟೂ ಮರ್ಯಾದೆ ಕಡಿಮೆಯಾಗುವ ವಿಚಿತ್ರ ಊರು ನಮ್ಮದಾಯಿತು.

ಆ ವಿಚಿತ್ರಕ್ಕೆ ಬಲಿಯಾದವನು ನಾನು. ಭಾವ ದೋಹಾದಿಂದ "ಇವತ್ತು ನಾಳೆ ಬರುತ್ತದೆ" ಎಂದು ಬರೆಯುತ್ತಲೇ ಇದ್ದ. ನನ್ನ ಜೊತೆ ಎ ಯಲ್ಲಿ ಕುಳಿತವರು ಹನ್ನೊಂದು ಜನ. ಆರ್‌ನಲ್ಲಿ ಲೋಕಯ್ಯ ಹೋದ. ಎಸ್‌ನಲ್ಲಿ ಇಸುಬು ಹೋದ. ಟಿ ಗೆ ಬರುವಾಗ ಜಗಲಿಯಲ್ಲಿ ಮಾಸ್ಟ್ರು, ನಾನು, ಮತ್ತು ತಕ್ಕಡಿ. ಮಡಂತ್ಯಾರಿನ ಹೋಟೆಲಿನವರು ನನಗೆ ಚಾದ ಜೊತೆ ಒಂದು ಗೋಳಿಬಜೆ ಹೆಚ್ಚು ಇಡತೊಡಗಿದರು. "ಪಾಪ, ಟಿ ಯಲ್ಲಿದ್ದಾನೆ," ಎಂದು ಒಳಗೆ ಹೇಳುವುದು ಕೇಳುತ್ತಿತ್ತು.

ಇದರ ಮೇಲೆ ಬೆಳ್ತಂಗಡಿಯ ಕಡೆಯ ಒಂದು ಹುಡುಗಿಯನ್ನು ನಾನು ನೋಡಿ ಬಂದಿದ್ದೆ. ನೋಡಿ ಬಂದಿದ್ದೆ ಎಂದರೆ, ಆಮೇಲೆ ಬೇರೆ ಏನನ್ನು ನೋಡಿದರೂ ಮನಸ್ಸು ನಿಲ್ಲುತ್ತಿರಲಿಲ್ಲ. ಅವಳ ಅಪ್ಪ ಬಟ್ಟೆ ಅಂಗಡಿಯವರು, ಅಳೆದು ಕತ್ತರಿಸಿ ಮಾತಾಡುವವರು. "ಅಕ್ಷರ ಮುಗಿಯುವುದರೊಳಗೆ ಹುಡುಗ ಹೊರಟರೆ ಮುಂದಿನ ಮಾತು. ಝಡ್ ಮುಗಿದ ಮೇಲೆ ನಾವು ಬೇರೆ ಕಡೆ ನೋಡುತ್ತೇವೆ," ಎಂದು ದಲ್ಲಾಳಿಯ ಹತ್ತಿರ ಹೇಳಿ ಕಳುಹಿಸಿದ್ದರು.

ಈಗ ನನ್ನ ಅವಸ್ಥೆ ನೋಡಿ. ನನಗೆ ಝಡ್ ಎಂದರೆ ನೇಣು. ಮಾಸ್ಟ್ರಿಗೆ ಝಡ್ ಎಂದರೆ ಸ್ವರ್ಗ. ಎಂಟು ವರ್ಷದಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿ ಅವರ ಕೊನೆಯ ಗೂಡಿನವರೆಗೆ ಬಂದಿರಲಿಲ್ಲ. ಟಿ, ಯು ಎಂದು ನಾನು ಕುಗ್ಗುತ್ತಾ ಹೋದ ಹಾಗೆ ಅವರ ಮುಖದಲ್ಲಿ ಬೆಳಕು ಏರುತ್ತಿತ್ತು. "ಇನ್ನು ಐದೇ ವಾರ ಮಾರಾಯ," ಎನ್ನುತ್ತಿದ್ದರು, ಮಗಳ ಮದುವೆಗೆ ದಿನ ಎಣಿಸುವವರ ಸಂಭ್ರಮದಲ್ಲಿ. ನಾನು ಮನೆಗೆ ಹೋಗಿ ಅನ್ನ ಸೇರದೆ ಮಲಗುತ್ತಿದ್ದೆ.

ಅಮ್ಮ ಒಂದು ಉಪಾಯ ಹುಡುಕಿದಳು. "ನೀನು ಕ್ಲಾಸಿಗೆ ಹೋಗಬೇಡ ಮಗಾ. ನೀನು ಹೋಗದಿದ್ದರೆ ಅಕ್ಷರ ಮುಂದೆ ಹೋಗುವುದಿಲ್ಲ. ವೀಸಾ ಬರುವವರೆಗೆ ಅದು ಅಲ್ಲೇ ಬಿದ್ದಿರಲಿ." ನಾನು ಒಂದು ವಾರ ಹೋಗಲಿಲ್ಲ. ಎಂಟನೇ ದಿನ ಮಾಸ್ಟ್ರೇ ವಿ ಚೀಟಿಗಳನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ಹುಡುಗನಿಗೆ ಜ್ವರವಾ?"

"ಜ್ವರ ಇಲ್ಲ," ಎಂದಳು ಅಮ್ಮ. "ನಿಮ್ಮ ಅಕ್ಷರ ಮುಗಿದರೆ ನನ್ನ ಮಗನ ಯೋಗ ಮುಗಿಯಿತು ಮಾಸ್ಟ್ರೇ. ಅವನಿಗೆ ಇಷ್ಟು ಇಂಗ್ಲಿಷು ಸಾಕು."

"ವಿದ್ಯೆಗೆ ಅಡ್ಡ ಬರಬಾರದು ತಂಗೀ."

"ಮದುವೆಗೆ ವಿದ್ಯೆ ಅಡ್ಡ ಬರಬಹುದಾ?"

ಅಂಗಳದಲ್ಲಿ ಅಕ್ಕಿ ಒಣಗುತ್ತಿತ್ತು, ಕಾಗೆಗಳಿದ್ದವು. ಮಾಸ್ಟ್ರು ಮೆಟ್ಟಿಲ ಮೇಲೆ ಕುಳಿತು ನನಗೆ ಮುಂದಿನ ವಾರದ್ದೊಂದು ಶಬ್ದವನ್ನು ಮುಂಗಡವಾಗಿ ಕೊಟ್ಟರು. "ಸೀ ಎಂದರೆ ಕಣ್ಣಿಗೆ ಬೀಳುವುದು. ಲುಕ್ ಎಂದರೆ ಕಣ್ಣು ಹಾಕುವುದು. ವಾಚ್ ಎಂದರೆ ಕಣ್ಣು ತೆಗೆಯದೆ ಇರುವುದು. ಈಗ ನೀನು ಈ ಕಾಗೆಗಳನ್ನು ವಾಚ್ ಮಾಡು." ಕ್ರಮ ತಪ್ಪಿಸದ ಮನುಷ್ಯ ಮೊದಲ ಸಲ ಕ್ರಮ ತಪ್ಪಿಸಿದ್ದು ಆವತ್ತು. ಅಷ್ಟು ಆಸೆ ಅವರಿಗೆ. ನನಗೆ ಅವರ ಮೇಲೆ ಮರುಕ ಬಂತು, ಮಾರನೆಯ ದಿನದಿಂದ ಮತ್ತೆ ಹೋದೆ. ಅಮ್ಮ ನನ್ನನ್ನು ಮಂಗ ಎಂದು ಕರೆದಳು.

ಡಬ್ಲ್ಯೂ ವಾರ ಬಂತು. ಬುಧವಾರ ಸಂಜೆ ಒಂದು ಗಂಟೆ ಹೊತ್ತು ಅವರು ಕಲಿಸಿದ್ದು ಒಂದೇ ಶಬ್ದ, ವೇಟ್. "ವೇಟ್ ಎಂದರೆ ಸುಮ್ಮನೆ ಕುಳಿತಿರುವುದಲ್ಲ. ಒಂದು ಬರುತ್ತದೆ ಎಂದು ಗೊತ್ತಿದ್ದು ಕುಳಿತಿರುವುದು," ಎಂದರು. ಬೈರಾಸಿನಿಂದ ಮುಖ ಒರೆಸಿಕೊಂಡರು. ಮತ್ತೆ ಅದನ್ನೇ ಹೇಳಿದರು. ಸೆಕೆ ಏನೂ ಇರಲಿಲ್ಲ, ಆದರೂ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಜ್ವರ ಬರುವ ಸೂಚನೆ ಇರಬೇಕು ಎಂದುಕೊಂಡು ನಾನು ಬೇಗ ಎದ್ದು ಬಂದೆ.

ಗುರುವಾರ ಬೆಳಿಗ್ಗೆ ಅಮ್ಮ ದೋಸೆ ಕಾವಲಿ ಒಲೆಗೆ ಇಡುವ ಹೊತ್ತಿಗೆ ಮಾಸ್ಟ್ರು ಬಾಗಿಲಲ್ಲಿ ನಿಂತಿದ್ದರು. ಅಂಗಿ ಒಳಮೈ ಹೊರಗಾಗಿ ಹಾಕಿದ್ದರು. ಕೈಯಲ್ಲಿ ದೋಹಾದ ಮುದ್ರೆಯಿದ್ದ ರಿಜಿಸ್ಟರ್ಡ್ ಕವರು.

"ಇದು ನಿನ್ನೆ ಹತ್ತು ಗಂಟೆಗೆ ಬಂದದ್ದು," ಎಂದರು. "ನಿನ್ನೆಯೇ ಕೊಡಬೇಕಿತ್ತು. ನಾನು ಕೊಡಲಿಲ್ಲ. ಇನ್ನು ಮೂರು ವಾರ ಝಡ್ ಗೂಡಿನಲ್ಲಿ ಇಡುವ ಎಂದು ಮನಸ್ಸು ಬಂತು. ಇಟ್ಟೆ. ರಾತ್ರಿ ನಿದ್ರೆ ಬರಲಿಲ್ಲ."

ಒಡೆದು ನೋಡಿದರೆ, ಶನಿವಾರದೊಳಗೆ ನಾನು ಬೊಂಬಾಯಿಯ ಏಜೆಂಟನ ಎದುರು ನಿಂತಿರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಮಂಗಳೂರಿನಿಂದ ಮಧ್ಯಾಹ್ನದ ಬಸ್ಸು ಹಿಡಿದರೆ ಮಾತ್ರ ಉಂಟು. ಬೆಳ್ತಂಗಡಿಗೆ ಹೋಗಿ ಹುಡುಗಿಯ ಮನೆಯಲ್ಲಿ ಒಂದು ಮಾತು ಹೇಳಿ ಬರಲು ಇದ್ದ ಒಂದೇ ಒಂದು ದಿನ ಝಡ್ ಗೂಡಿನಲ್ಲಿ ಕಳೆದುಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು.

"ಮಾಸ್ಟ್ರೇ, ನೀವು ನನ್ನ ಎದುರು ನಿಲ್ಲಬೇಡಿ. ಇವತ್ತು ನನ್ನ ಬಾಯಿ ಸರಿ ಇಲ್ಲ."

ಅವರು ಹೋಗಿ ಗೇಟಿನ ಹೊರಗೆ ನಿಂತರು. ನಾನು ಬಟ್ಟೆ ತುಂಬಿ, ದೇವರಿಗೆ ಕೈಮುಗಿದು, ಅಮ್ಮನ ಕಣ್ಣೀರು ಒರೆಸಿ, ಕೈಬೀಸಿ ಹೊರಬರುವಾಗಲೂ ಅಲ್ಲಿಯೇ ಇದ್ದರು. ನನ್ನ ಹಿಂದೆಯೇ ರಸ್ತೆಯವರೆಗೆ ಬಂದರು. ಬಸ್ಸು ಹತ್ತಿದೆ, ಅವರೂ ಹತ್ತಿದರು. ಪಕ್ಕದಲ್ಲಿಯೇ ಕುಳಿತರು. ಕ್ಷಮೆ ಕೇಳುತ್ತಾರೆ ಎಂದು ನಾನು ಮುಖ ತಿರುಗಿಸಿ ಸಿದ್ಧನಾಗಿ ಕುಳಿತೆ. ಅವರು ಚೀಲದಿಂದ ಚೀಟಿಗಳನ್ನು ತೆಗೆದರು.

"ವೀಪ್ ಮತ್ತು ವೇವ್ ನಿಮ್ಮ ಅಂಗಳದಲ್ಲಿಯೇ ಆಯಿತು. ಡಬ್ಲ್ಯೂವಿನಲ್ಲಿ ಇನ್ನು ಉಳಿದದ್ದು ವಿಶ್ ಒಂದೇ. ಒಳ್ಳೆಯದಾಗಲಿ."

ಬೈಯಬೇಕೆಂದು ಬಾಯಿ ತೆರೆದೆ. ಏನು ಬೈಯುವುದು? ಮುಂದಿನದು ಎಕ್ಸ್. ಆ ಗೂಡಿನಲ್ಲಿ ಅವರ ನಶ್ಯದ ಡಬ್ಬಿ ಮಾತ್ರ ಇದ್ದದ್ದು, ಆ ವಾರ ಪ್ರತಿ ವರ್ಷ ರಜೆ. ರಜೆ ಕೊಡದೆ ವೈ ಗೆ ಹೋಗುವುದು ಹೇಗೆ? ಬಂಟ್ವಾಳ ಪೇಟೆಯಿಂದ ಬಿ.ಸಿ. ರೋಡಿನವರೆಗೆ ಮಾಸ್ಟ್ರು ಕಣ್ಣು ಮುಚ್ಚಿ, ಕೈಕಟ್ಟಿ, ಒಂದು ಮಾತೂ ಆಡದೆ ರಜೆಯನ್ನು ಆಚರಿಸಿದರು. ಬಿ.ಸಿ. ರೋಡಿನಲ್ಲಿ ಕಣ್ಣು ಬಿಟ್ಟು, "ವೈ!" ಎಂದರು.

ಮೊದಲು ಯಾನ್. ಆಕಳಿಸುವುದು. ಎಂದಿನಂತೆ ಮಾಡಿ ತೋರಿಸಿದರು, ಎರಡು ಕೈ ಮೇಲೆತ್ತಿ, ದವಡೆ ಕಳಚುವ ಹಾಗೆ. ರಾತ್ರಿ ನಿದ್ರೆಗೆಟ್ಟವರ ಅಸಲಿ ಆಕಳಿಕೆ. ಎದುರು ಸೀಟಿನ ಮೀನಿನ ಬುಟ್ಟಿಯ ಹೆಂಗಸು ಆಕಳಿಸಿದಳು. ಅವಳ ಹಿಂದಿನವರು, ಅವರ ಹಿಂದಿನವರು, ಟಿಕೇಟು ಹರಿಯುತ್ತಿದ್ದ ಕಂಡಕ್ಟರು, ಕೊನೆಗೆ ಕನ್ನಡಿಯಲ್ಲಿ ನೋಡಿದ ಡ್ರೈವರನೂ ಆಕಳಿಸಿ ಬಸ್ಸು ಫರಂಗಿಪೇಟೆಯ ಹತ್ತಿರ ರಸ್ತೆ ಬಿಟ್ಟು ಒಂದು ಸುತ್ತು ಮಣ್ಣಿಗೆ ಇಳಿದು ಮೇಲೆ ಬಂತು. "ಯಾರು ಅದು ಬಸ್ಸಿನಲ್ಲಿ ನಿದ್ರೆ ಹಂಚುವುದು?" ಎಂದು ಕಂಡಕ್ಟರು ಕೂಗಿದ. "ಅದು ಯೆಲ್, ಕಿರುಚುವುದು," ಎಂದರು ಮಾಸ್ಟ್ರು ನನ್ನ ಕಡೆ ತಿರುಗಿ. "ಇನ್ನೊಂದು ಯೀಲ್ಡ್, ಎದುರಿನವರಿಗೆ ದಾರಿ ಬಿಟ್ಟುಕೊಡುವುದು. ಈ ಡ್ರೈವರನಿಗೆ ಅದು ಗೊತ್ತಿಲ್ಲ, ಆದ್ದರಿಂದ ಮಾಡಿ ತೋರಿಸಲು ಆಗುವುದಿಲ್ಲ."

ನನ್ನ ಸಿಟ್ಟು ಎಲ್ಲಿ ಇಳಿದು ಹೋಯಿತೋ ಗೊತ್ತಿಲ್ಲ. ಪಡೀಲಿನಲ್ಲಿ ಇರಬೇಕು. ಮಂಗಳೂರಿನ ಬಸ್ ಸ್ಟಾಂಡಿನಲ್ಲಿ ಬೊಂಬಾಯಿಯ ಬಸ್ಸು ಇಂಜಿನ್ ಶುರುಮಾಡಿ ನಿಂತಿತ್ತು.

"ಮಾಸ್ಟ್ರೇ, ಝಡ್?" ಎಂದೆ. ನಾನೇ ಕೇಳಿದೆ, ಆತುರದಿಂದ.

ಅವರು ಚೀಲದೊಳಗೆ ಕೈ ಹಾಕಿದರು. ಖಾಲಿ ಕೈ ಹೊರಗೆ ಬಂತು.

"ಝಡ್ ಇಲ್ಲ ಮಾರಾಯ."

"ಇಲ್ಲ ಎಂದರೆ?"

"ನನ್ನ ಡಿಕ್ಷನರಿಯನ್ನು ಗೆದ್ದಲು ಅರಬ್ಬಿ ಓದುವವರ ಹಾಗೆ ಹಿಂದಿನಿಂದ ಶುರುಮಾಡಿತು. ಝಡ್ ಪೂರ್ತಿ ಹೋಯಿತು. ಯಾರನ್ನಾದರೂ ಕೇಳಿದರೆ ಮಾಸ್ಟ್ರಿಗೇ ಗೊತ್ತಿಲ್ಲ ಎಂದಾಗುತ್ತದೆ. ಅಲ್ಲಿವರೆಗೆ ಯಾರೂ ಬರುವುದಿಲ್ಲ ಎಂದು ಧೈರ್ಯ ಇತ್ತು." ಚೀಲದ ಬಾಯಿ ಮುಚ್ಚುತ್ತಾ ಹೇಳಿದರು, "ನೀನು ಬರುತ್ತೀ ಎಂದು ಗೊತ್ತಾದ ಮೇಲೆ ಹೆದರಿಕೆಯೂ ಆಗುತ್ತಿತ್ತು, ಬಾರದೆ ಹೋಗುತ್ತೀಯೋ ಎಂದು ಸಂಕಟವೂ ಆಗುತ್ತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ಇಲ್ಲದ ಒಂದು ಅಕ್ಷರಕ್ಕಾಗಿ ಈ ಮನುಷ್ಯ ನನ್ನ ವೀಸಾವನ್ನು ಬಚ್ಚಿಟ್ಟಿದ್ದರು. ನಗುತ್ತಲೇ ಅವರ ಕಾಲು ಮುಟ್ಟಿದೆ. ಅವರ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಎಂದು ಗೊತ್ತಾದದ್ದು ಆಗಲೇ, ಕಂಡಕ್ಟರು ನನ್ನನ್ನು ಒಳಗೆ ದೂಡುವಾಗ.

ಅವರು ಊರಿಗೆ ಹೋಗಲಿಲ್ಲ. ಅಲ್ಲಿಂದಲೇ ಬೆಳ್ತಂಗಡಿಯ ಬಸ್ಸು ಹತ್ತಿದ್ದರು. ಅದನ್ನು ನನಗೆ ಎಷ್ಟೋ ದಿನದ ಮೇಲೆ ಹೇಳಿದ್ದು ಆ ಹುಡುಗಿಯೇ, ಅಂದರೆ ನನ್ನ ಹೆಂಡತಿ. ಅಂಗಿ ಒಳಮೈ ಹೊರಗಾಗಿ ಹಾಕಿದ ಒಬ್ಬ ಮುದುಕರು ಅವರ ಅಂಗಳದಲ್ಲಿ ನಿಂತು, ಕೂರಲು ಹೇಳಿದರೂ ಕೂರದೆ, "ಹುಡುಗ ಡಬ್ಲ್ಯೂವಿನಲ್ಲಿ ಹೊರಟ. ಅವನು ನಿಮ್ಮಲ್ಲಿಗೆ ಬಾರದೆ ಹೋದದ್ದು ನನ್ನ ತಪ್ಪು. ಕಾಗದ ಒಂದು ದಿನ ನನ್ನಲ್ಲಿತ್ತು," ಎಂದರಂತೆ. ಮಾವ ಅಳೆದು ನೋಡಿದರಂತೆ. ತನ್ನ ತಪ್ಪನ್ನು ಬಸ್ಸು ಹತ್ತಿ ಬಂದು ಹೇಳುವ ಗುರುವಿನ ಶಿಷ್ಯನಿಗೆ ಹೆಣ್ಣು ಕೊಡಬಹುದು ಎಂದು ನಿಶ್ಚಯಿಸಿದರಂತೆ. ಇದು ಗೊತ್ತಾದ ಮೇಲೆ ಅಮ್ಮನ ಬಾಯಿಯೂ ಸರಿಯಾಯಿತು.

ದೋಹಾದಲ್ಲಿ ಎರಡನೇ ವಾರ, ಕಾರ್ಖಾನೆಯ ನೀಲಿ ಮೇಲಂಗಿ ಹಾಕಿಕೊಂಡು ನಾನು ಸಾಲಿನಲ್ಲಿ ನಿಂತಿದ್ದೆ. ಫೋರ್ಮನ್ ನನ್ನ ಎದೆ ತೋರಿಸಿ ಒಂದು ಶಬ್ದ ಹೇಳಿದ. ನನಗೆ ಅರ್ಥವಾಗಲಿಲ್ಲ. ಅವನೇ ಬಂದು ಸೊಂಟದಿಂದ ಕುತ್ತಿಗೆಯವರೆಗೆ ಸರ್ರನೆ ಎಳೆದ. ಝಿಪ್! ನಾನು ಸಾಲಿನಲ್ಲೇ ಎಷ್ಟು ಗಟ್ಟಿಯಾಗಿ ನಕ್ಕೆನೆಂದರೆ ಹೊಸಬನಿಗೆ ಬಿಸಿಲು ತಲೆಗೇರಿದೆ ಎಂದು ಸಾಲಿನವರು ನನಗೆ ನೀರು ಕುಡಿಸಿದರು. ಆವತ್ತೇ ಒಂದು ಚೀಟಿಯಲ್ಲಿ ಶಬ್ದ, ಅರ್ಥ, ಬಳಸುವ ರೀತಿ ಬರೆದು ಏರ್‌ಮೇಲ್ ಕವರಿಗೆ ಹಾಕಿದೆ.

ಅವರ ಉತ್ತರ ಎರಡೇ ಸಾಲು. "ನಿನ್ನ ಕ್ರಿಯಾಪದ ಮಂಗಳವಾರ ಹತ್ತು ಗಂಟೆಗೆ ಬಂತು. ಹತ್ತೂ ಐದಕ್ಕೆ ಗೂಡಿಗೆ ಹಾಕಿದೆ."